ಅಡಿಕೆ ದರದ ಪಟ್ಟಿಗೆ ಟೇಬಲ್ ಬೇಕಾ, ಬೇಡವಾ?

ಪ್ರಶ್ನೆ: ನಮ್ಮೂರಿನ ಅಡಿಕೆ ಬೆಳೆಗಾರರ ಸಹಕಾರ ಸಂಘದ ವೆಬ್‌ಸೈಟನ್ನು ನಾನು ನೋಡಿಕೊಳ್ಳುತ್ತೇನೆ. ಶಿರಸಿ, ಯಲ್ಲಾಪುರ, ಸಿದ್ದಾಪುರ, ಸಾಗರ, ಶಿವಮೊಗ್ಗ ಮಾರುಕಟ್ಟೆಗಳ ದರವನ್ನು ದಿನವೂ ಒಂದೇ ದೊಡ್ಡ ಟೇಬಲ್‌ನಲ್ಲಿ ಹಾಕುತ್ತೇನೆ. ನಮ್ಮ ಸದಸ್ಯರೊಬ್ಬರಿಗೆ ಕಣ್ಣು ಕಾಣುವುದಿಲ್ಲ. ಫೋನಿನಲ್ಲೂ ಕಂಪ್ಯೂಟರಿನಲ್ಲೂ ಸ್ಕ್ರೀನ್ ರೀಡರ್ (ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ) ಹಾಕಿ ಕೇಳುತ್ತಾರೆ. "ಬರೀ ಅಂಕಿ ಕೇಳಿಸುತ್ತೆ, ಯಾವುದು ಯಾವುದರ ದರ ಅಂತ ಗೊತ್ತಾಗಲ್ಲ" ಎಂದರು. ಉಳಿದವರು ಮೊಬೈಲಿನಲ್ಲಿ ಪಕ್ಕಕ್ಕೆ ಎಳೆದು ಎಳೆದು ಸಾಕಾಯಿತು ಅನ್ನುತ್ತಾರೆ. ವೆಬ್ ಡಿಸೈನ್ ಕಲಿತ ಗೆಳೆಯನೊಬ್ಬ "ಟೇಬಲ್ ಹಳೇ ಕಾಲದ್ದು, ಅದನ್ನು ತೆಗೆದು ಡಿವ್ ಹಾಕು" ಅಂದ (ಡಿವ್ ಅಂದರೆ ಪುಟದಲ್ಲಿ ಏನನ್ನಾದರೂ ಇಡುವ ಬರೀ ಡಬ್ಬಿ). ಹಾಗೆ ಮಾಡಲಾ? ನಮ್ಮ ಮುಖಪುಟವನ್ನೂ ಹಿಂದೆ ಯಾರೋ ಟೇಬಲ್‌ನಿಂದಲೇ ಕಟ್ಟಿದ್ದಾರೆ. ಅದನ್ನೇನು ಮಾಡಲಿ?

ಉತ್ತರ: ದರದ ಟೇಬಲ್ ಇರಲಿ. ಮುಖಪುಟದ ಟೇಬಲ್ ಹೋಗಲಿ. ಆದರೆ ದರದ ಟೇಬಲ್ ಈಗಿರುವ ಹಾಗೇ ಇದ್ದರೆ ನಿಮ್ಮ ಸದಸ್ಯರಿಗೆ ಏನೂ ಉಪಯೋಗವಿಲ್ಲ. ಅದನ್ನು ಸರಿಮಾಡಬೇಕು. ಅದಕ್ಕೆ ಹೊಸದಾಗಿ ಕಲಿಯಬೇಕಾದದ್ದು ತುಂಬಾ ಕಡಿಮೆ. ಇರುವ ಟೇಬಲ್‌ನಲ್ಲಿ ನಾಲ್ಕೈದು ಟ್ಯಾಗ್ (ಪುಟದ ಯಾವ ಭಾಗ ಏನು ಅಂತ ಬ್ರೌಸರಿಗೆ ಹೇಳುವ ಗುರುತು) ಬದಲಿಸಿದರೆ ಅರ್ಧ ಕೆಲಸ ಮುಗಿಯುತ್ತದೆ.

ನಿಮ್ಮ ಗೆಳೆಯರ ಮಾತು ಎಲ್ಲಿಂದ ಬಂತು ಅಂತ ಮೊದಲು ಹೇಳುತ್ತೇನೆ. ಯಾಕೆಂದರೆ ಅದರಲ್ಲಿ ಅರ್ಧ ನಿಜ ಇದೆ. 1995ರಲ್ಲಿ ನೆಟ್‌ಸ್ಕೇಪ್ ನ್ಯಾವಿಗೇಟರ್ 1.1 ಬಂದಾಗ ಜನಪ್ರಿಯ ಬ್ರೌಸರೊಂದರಲ್ಲಿ ಟೇಬಲ್ ತೋರಿಸಲು ಸಾಧ್ಯವಾಯಿತು. 1997ರ ಜನವರಿಯಲ್ಲಿ ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ 3.2 ಆವೃತ್ತಿ ಅದನ್ನು ಅಧಿಕೃತವಾಗಿ ಒಳಗೆ ಸೇರಿಸಿಕೊಂಡಿತು. ಅಂಕಿಅಂಶ ಜೋಡಿಸಲು ಅಂತ ಬಂದ ಸಾಧನ ಅದು. ಆದರೆ ಆಗ ಪುಟವನ್ನು ಎರಡು ಮೂರು ಭಾಗ ಮಾಡಿ ಅಕ್ಕಪಕ್ಕ ಇಡಲು ಬೇರೆ ದಾರಿಯೇ ಇರಲಿಲ್ಲ. ಪುಟದ ಅಂದ, ಜೋಡಣೆ ಹೇಳುವ ಸಿಎಸ್‌ಎಸ್‌ನ ಮೊದಲ ಆವೃತ್ತಿ 1996ರ ಡಿಸೆಂಬರಿನಲ್ಲೇ ಬಂದಿತ್ತು, ನಿಜ. ಬ್ರೌಸರುಗಳು ಅದನ್ನು ಸರಿಯಾಗಿ ಪಾಲಿಸಲು ವರ್ಷಗಟ್ಟಲೆ ಹಿಡಿಯಿತು. ಅಲ್ಲಿಯವರೆಗೆ ಜನ ಗೆರೆ ಕಾಣದ ಟೇಬಲ್ ಹಾಕಿ, ಅದರೊಳಗೆ ಇನ್ನೊಂದು ಟೇಬಲ್ ತೂರಿಸಿ, ಜಾಗ ಬಿಡಲು ಒಂದು ಪಿಕ್ಸೆಲ್ಲಿನ ಕಾಣದ ಚಿತ್ರ ಇಟ್ಟು ಪುಟ ಕಟ್ಟುತ್ತಿದ್ದರು. ನಿಮ್ಮ ಮುಖಪುಟ ಆ ಪದ್ಧತಿಯ ಕೂಸು.

1997ರ ಡಿಸೆಂಬರಿನ ಎಚ್‌ಟಿಎಂಎಲ್ 4.0 "ಬರೀ ಪುಟ ಜೋಡಣೆಗೆ ಟೇಬಲ್ ಬಳಸಬೇಡಿ" ಎಂಬ ಸಲಹೆಯನ್ನು ಆಗಲೇ ಕೊಟ್ಟಿತ್ತು. 1999ರಲ್ಲಿ ಬಂದ ಮೊದಲ ವೆಬ್ ಸುಗಮ್ಯತೆ ಮಾರ್ಗಸೂಚಿಯೂ (ಅಂಗವೈಕಲ್ಯ ಇದ್ದವರಿಗೂ ಪುಟ ಬಳಸಲು ಬರಬೇಕು ಅನ್ನುವ ನಿಯಮಗಳು) ಅದನ್ನೇ ಇನ್ನಷ್ಟು ಬಿಡಿಸಿ ಹೇಳಿತು. ಈ ಮಾತು ಬಾಯಿಂದ ಬಾಯಿಗೆ ಹೋಗುತ್ತಾ "ಪುಟ ಜೋಡಣೆಗೆ" ಅನ್ನುವ ಭಾಗ ಉದುರಿಹೋಯಿತು. "ಟೇಬಲ್ ಬಳಸಬೇಡಿ" ಅಷ್ಟೇ ಉಳಿಯಿತು. ನಿಮ್ಮ ಗೆಳೆಯರ ಕಿವಿಗೆ ಬಿದ್ದದ್ದು ಈ ಮೊಟಕಾದ ಮಾತು.

ಹಾಗಾದರೆ ಎಲ್ಲಿ ಟೇಬಲ್ ಬೇಕು? ನಾನು ಒಂದು ಸಣ್ಣ ಪರೀಕ್ಷೆ ಮಾಡುತ್ತೇನೆ. ಟೇಬಲ್‌ನ ಯಾವುದಾದರೂ ಒಂದು ಮನೆಗೆ ಬೆರಳಿಡಿ. ಮನೆ ಅಂದರೆ ಸೆಲ್. ಚೌಕಾಬಾರ ಆಡಿದವರಿಗೆ ಈ ಮಾತೇ ಹತ್ತಿರ, ಅಲ್ವಾ? ಅಲ್ಲಿರುವ ಅಂಕಿಯನ್ನು ನೋಡಿ "ಇದೇನು?" ಅಂತ ಕೇಳಿ. ಉತ್ತರ ಹೇಳಲು ಮೇಲಿನ ತಲೆಬರಹವನ್ನೂ ಎಡಗಡೆಯ ತಲೆಬರಹವನ್ನೂ ನೋಡಲೇಬೇಕಾದರೆ ಅದು ಟೇಬಲ್. 46,200 ಅನ್ನುವುದು ತಾನಾಗಿ ಏನೂ ಅಲ್ಲ. "ಸಾಗರ" ಮತ್ತು "ಗರಿಷ್ಠ" ಎರಡೂ ಸೇರಿದಾಗ ಅದು ಒಬ್ಬ ಬೆಳೆಗಾರನ ಇಡೀ ವರ್ಷದ ದುಡಿಮೆಯ ಬೆಲೆಯಾಗುತ್ತದೆ. (ಈ ಉತ್ತರದಲ್ಲಿ ಬರುವ ದರಗಳೆಲ್ಲ ಉದಾಹರಣೆಗೆ ನಾನು ಹಾಕಿಕೊಂಡವು. ಮಾರುಕಟ್ಟೆಯ ದರ ಅಂತ ತಿಳಿಯಬೇಡಿ.)

ಈ ಪರೀಕ್ಷೆಯಲ್ಲಿ ರೈಲಿನ ವೇಳಾಪಟ್ಟಿ ಪಾಸಾಗುತ್ತದೆ. ಗೋಡೆಯ ಕ್ಯಾಲೆಂಡರ್, ಅಂಕಪಟ್ಟಿ, ಮಳೆ ಲೆಕ್ಕ ಎಲ್ಲವೂ ಪಾಸಾಗುತ್ತವೆ. ಸಂಘದ ಪದಾಧಿಕಾರಿಗಳ ಹೆಸರು, ಹುದ್ದೆ, ಫೋನ್ ನಂಬರ್ ಕೂಡ ಟೇಬಲ್ಲೇ. ಆದರೆ ವಾರ್ಷಿಕ ಸಭೆಯ ಹನ್ನೆರಡು ಫೋಟೋಗಳನ್ನು ಮೂರು ಮೂರಾಗಿ ಜೋಡಿಸಿದ್ದು ಟೇಬಲ್ ಅಲ್ಲ. ನಾಲ್ಕನೇ ಫೋಟೋವನ್ನು ಮೂರನೆಯದರ ಪಕ್ಕಕ್ಕೆ ಎತ್ತಿಟ್ಟರೂ ಅದರ ಅರ್ಥ ಕೆಡುವುದಿಲ್ಲ. ಎಡಗಡೆ ಮೆನು, ಬಲಗಡೆ ಸುದ್ದಿ ಇಡುವುದೂ ಟೇಬಲ್ ಅಲ್ಲ. ಮೆನುವಿಗೂ ಸುದ್ದಿಗೂ ಸಾಲಿನ ಸಂಬಂಧ ಏನೂ ಇಲ್ಲ.

ಈಗ ನಿಮ್ಮ ಸದಸ್ಯರ ದೂರಿಗೆ ಬರುತ್ತೇನೆ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಅದೇ.

ಕಣ್ಣಿರುವವರು ಟೇಬಲ್ ನೋಡುವಾಗ ನಮಗೆ ಗೊತ್ತಿಲ್ಲದಂತೆ ಒಂದು ಕೆಲಸ ಮಾಡುತ್ತೇವೆ. ಅಂಕಿಯ ಮೇಲೆ ಕಣ್ಣಿಟ್ಟು ಸರಕ್ಕನೆ ಮೇಲೆ ಹೋಗಿ ಬರುತ್ತೇವೆ, ಎಡಕ್ಕೆ ಹೋಗಿ ಬರುತ್ತೇವೆ. ಕಿವಿಗೆ ಆ ಓಡಾಟ ಇಲ್ಲ. ಅದಕ್ಕೆ ಸಿಗುವುದು ಒಂದಾದ ಮೇಲೆ ಒಂದು ಮಾತು, ಅಷ್ಟೇ. ಮೇಲಕ್ಕೂ ಎಡಕ್ಕೂ ಹೋಗಿಬರುವ ಕೆಲಸವನ್ನು ಅವರ ಪರವಾಗಿ ಸ್ಕ್ರೀನ್ ರೀಡರ್ ಮಾಡಬೇಕು. ಅದು ಮಾಡಲು ತಯಾರಿದೆ. ಆದರೆ ಯಾವುದು ತಲೆಬರಹ ಅಂತ ನೀವು ಅದಕ್ಕೆ ಹೇಳಿರಬೇಕು.

ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರನ್ನೇ ತೆಗೆದುಕೊಳ್ಳಿ. ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ ಮತ್ತು ಜೇಮ್ಸ್ ಟೆ ಇದನ್ನು ಕಟ್ಟಿದವರು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. 2006ರಲ್ಲಿ ಕೆಲಸ ಶುರುವಾಯಿತು. ಇವತ್ತಿಗೂ ಅದು ಉಚಿತ. ಅದರ ಜೊತೆಗೇ ಬರುವ ಇ-ಸ್ಪೀಕ್ ಎನ್‌ಜಿ ಧ್ವನಿ ಕನ್ನಡವನ್ನೂ ಓದುತ್ತದೆ. ವಿಂಡೋಸ್ ಕಂಪ್ಯೂಟರಿನಲ್ಲಿ ಅದನ್ನು ಹಾಕಿಕೊಂಡು ವೆಬ್ ಪುಟ ತೆರೆದು ಟಿ ಕೀಲಿ ಒತ್ತಿದರೆ ಮುಂದಿನ ಟೇಬಲ್‌ಗೆ ಹಾರುತ್ತದೆ. ಎಷ್ಟು ಸಾಲು, ಎಷ್ಟು ಕಂಬಸಾಲು (ಮೇಲಿಂದ ಕೆಳಗೆ ಇಳಿಯುವ ಸಾಲು, ಅಂದರೆ ಕಾಲಂ) ಇದೆ ಎಂದು ಹೇಳುತ್ತದೆ. ಕಂಟ್ರೋಲ್, ಆಲ್ಟ್ ಎರಡನ್ನೂ ಹಿಡಿದು ಬಾಣದ ಕೀಲಿ ಒತ್ತಿದರೆ ಮನೆಯಿಂದ ಮನೆಗೆ ಹೋಗಬಹುದು. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ, ಎಲ್ಲಿಗೆ ಬೇಕಾದರೂ.

ನಿಮ್ಮ ಟೇಬಲ್‌ನಲ್ಲಿ ತಲೆಬರಹವೂ ಅಂಕಿಯೂ ಎಲ್ಲವೂ ಟಿಡಿ ಟ್ಯಾಗಿನಲ್ಲೇ, ಅಂದರೆ ಸಾದಾ ಮನೆಯ ಟ್ಯಾಗಿನಲ್ಲೇ ಇವೆ ಅಂತ ಕಾಣುತ್ತದೆ. ಮೇಲಿನ ಸಾಲನ್ನು ದಪ್ಪ ಅಕ್ಷರ ಮಾಡಿ, ಹಸಿರು ಬಣ್ಣ ಕೊಟ್ಟಿರುತ್ತೀರಿ. ಸ್ಕ್ರೀನ್ ರೀಡರಿಗೆ ಆ ಹಸಿರೂ ಇಲ್ಲ, ದಪ್ಪವೂ ಇಲ್ಲ. ಅದು "ಸಾಲು 4, ಕಂಬಸಾಲು 3, 46,200" ಅನ್ನುತ್ತದೆ. ನಾಲ್ಕನೇ ಸಾಲು ಯಾವ ಊರು? ಮೂರನೆಯದು ಕನಿಷ್ಠವೋ ಗರಿಷ್ಠವೋ? ಕೇಳುವವರು ಅದನ್ನೆಲ್ಲ ತಲೆಯಲ್ಲಿ ಇಟ್ಟುಕೊಂಡಿರಬೇಕು. ಐದು ಮಾರುಕಟ್ಟೆ, ಒಂದೊಂದರಲ್ಲಿ ಐದಾರು ಬಗೆಯ ಅಡಿಕೆ. ಯಾರಿಗೆ ಸಾಧ್ಯ?

ತಲೆಬರಹದ ಮನೆಗಳನ್ನು ಟಿಡಿ ಬದಲು ಟಿಎಚ್ ಮಾಡಿ. ಮೇಲಿನ ಸಾಲಿನವಕ್ಕೆ ಟ್ಯಾಗಿನೊಳಗೆ ಬರೆಯುವ ಸ್ಕೋಪ್ ಎಂಬ ಗುಣಕ್ಕೆ "ಕಾಲ್" (ಸಿ, ಒ, ಎಲ್) ಎಂದು ಕೊಡಿ. ಎಡಗಡೆಯ ಊರಿನ ಹೆಸರುಗಳನ್ನೂ ಟಿಎಚ್ ಮಾಡಿ, ಅಲ್ಲಿ ಸ್ಕೋಪ್‌ಗೆ "ರೋ" ಕೊಡಿ. ಎಡಗಡೆಯದ್ದನ್ನು ತುಂಬಾ ಜನ ಮರೆಯುತ್ತಾರೆ. ಮೇಲಿನ ಸಾಲು ಮಾತ್ರ ತಲೆಬರಹ ಅಂದುಕೊಳ್ಳುತ್ತಾರೆ. ಅಡಿಕೆ ದರದಲ್ಲಿ ಊರಿನ ಹೆಸರು ಇಲ್ಲದಿದ್ದರೆ ಅಂಕಿಗೆ ತಲೆಯೇ ಇಲ್ಲ.

ಇಷ್ಟು ಮಾಡಿದ ಮೇಲೆ ಅದೇ ಮನೆಗಳಲ್ಲಿ ಓಡಾಡಿ ನೋಡಿ. ಬಲಕ್ಕೆ ಸರಿದರೆ "ಗರಿಷ್ಠ, 46,200" ಅನ್ನುತ್ತದೆ. ಕೆಳಗೆ ಇಳಿದರೆ "ಶಿವಮೊಗ್ಗ, 47,000" ಅನ್ನುತ್ತದೆ. ಬದಲಾದ ತಲೆಬರಹವನ್ನು ಮಾತ್ರ ಓದುತ್ತದೆ, ಬದಲಾಗದ್ದನ್ನು ಸುಮ್ನೆ ಮತ್ತೆ ಮತ್ತೆ ಹೇಳಿ ತಲೆ ತಿನ್ನುವುದಿಲ್ಲ. ಗರಿಷ್ಠ ದರದ ಕಂಬಸಾಲಿನಲ್ಲಿ ನಿಂತು ಕೆಳಗಿಳಿಯುತ್ತಾ ಹೋದರೆ ಐದು ಊರಿನ ದರ ಐದೇ ಒತ್ತಿನಲ್ಲಿ ಗೊತ್ತಾಗುತ್ತದೆ. ಕಣ್ಣಿರುವವರು ಮಾಡುವುದೂ ಅದನ್ನೇ.

ಡಿವ್ ಹಾಕಿದರೆ ಇದೆಲ್ಲ ಹೋಗುತ್ತದೆ. ಡಿವ್‌ಗಳಿಂದ ಟೇಬಲ್‌ನಂತೆಯೇ ಕಾಣುವ ಒಂದನ್ನು ಕಟ್ಟಬಹುದು. ನೋಡಲು ಒಂದು ಕೂದಲಿನಷ್ಟೂ ವ್ಯತ್ಯಾಸ ಇರುವುದಿಲ್ಲ. ಆದರೆ ಟಿ ಕೀಲಿ ಒತ್ತಿದರೆ ಅಲ್ಲಿ ಟೇಬಲ್ಲೇ ಸಿಗುವುದಿಲ್ಲ. ಮನೆಯಿಂದ ಮನೆಗೆ ಒಯ್ಯುವ ಬಾಣದ ಕೀಲಿ ಕೆಲಸ ಮಾಡುವುದಿಲ್ಲ. ಶಿರಸಿಯಿಂದ ಶಿವಮೊಗ್ಗದವರೆಗೆ ಒಂದೇ ಉಸಿರಿನಲ್ಲಿ ಅಂಕಿಗಳ ಸರಮಾಲೆ. ಅರಿಯಾ ಗುಣಗಳನ್ನು (ಸ್ಕ್ರೀನ್ ರೀಡರಿನಂಥ ಸಾಧನಗಳಿಗೆಂದೇ ಟ್ಯಾಗಿನಲ್ಲಿ ಬರೆಯುವ ಸೂಚನೆಗಳು) ಒಂದೊಂದಾಗಿ ಸೇರಿಸಿ "ಇದು ಟೇಬಲ್, ಇದು ಸಾಲು, ಇದು ಮನೆ" ಎಂದು ಹೇಳಿಕೊಡಬಹುದು. ಆದರೆ ಟೇಬಲ್ ಟ್ಯಾಗ್ ಬಿಟ್ಟಿಯಾಗಿ ಕೊಡುವುದನ್ನು ಎಸೆದು, ಅದನ್ನೇ ಮತ್ತೆ ಕೈಯಿಂದ ಕಟ್ಟುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಟೇಬಲ್‌ಗೆ ಒಂದು ಕ್ಯಾಪ್ಷನ್ ಕೊಡಿ. ಟೇಬಲ್ ಟ್ಯಾಗಿನ ಒಳಗೆ, ಎಲ್ಲಕ್ಕಿಂತ ಮೊದಲು ಕ್ಯಾಪ್ಷನ್ ಟ್ಯಾಗ್ ಬರುತ್ತದೆ. "ದರಪಟ್ಟಿ" ಅಂತ ಬರೆದು ಬಿಡಬೇಡಿ. "ರಾಶಿ ಅಡಿಕೆ, ಇಂದಿನ ದರ, ಕ್ವಿಂಟಲ್‌ಗೆ ರೂಪಾಯಿಗಳಲ್ಲಿ" ಎಂದು ದಿನಾಂಕದ ಜೊತೆ ಬರೆಯಿರಿ. ಪುಟದಲ್ಲಿ ಮೂರು ಟೇಬಲ್ ಇದ್ದಾಗ ಕೇಳುವವರು ಕ್ಯಾಪ್ಷನ್ ಕೇಳಿಸಿಕೊಂಡೇ ಒಳಗೆ ಹೋಗಬೇಕಾ, ಮುಂದೆ ಹಾರಬೇಕಾ ಅಂತ ತೀರ್ಮಾನಿಸುತ್ತಾರೆ. ಕ್ವಿಂಟಲ್, ರೂಪಾಯಿ ಅನ್ನುವುದನ್ನು ಇಲ್ಲಿ ಒಂದು ಸಲ ಹೇಳಿದರೆ ಪ್ರತಿ ಮನೆಯಲ್ಲೂ ಮತ್ತೆ ಬರೆಯಬೇಕಿಲ್ಲ. ಹಿಂದೆ ಸಮರಿ ಎಂಬ ಗುಣವೊಂದಿತ್ತು. ಅದನ್ನು ಎಚ್‌ಟಿಎಂಎಲ್ 5 ಕೈಬಿಟ್ಟಿದೆ, ನೀವೂ ಬಿಡಿ.

ಇನ್ನು ಆ "ಒಂದೇ ದೊಡ್ಡ ಟೇಬಲ್" ವಿಚಾರ. ಟ್ಯಾಗುಗಳಿಗಿಂತ ಇದು ದೊಡ್ಡದು ಅಂತ ನನ್ನ ಅಭಿಪ್ರಾಯ. ಸಾಮಾನ್ಯವಾಗಿ ಇಂಥ ಪಟ್ಟಿಯಲ್ಲಿ ಎಡಗಡೆ ಮಾರುಕಟ್ಟೆ, ಅದರ ಪಕ್ಕ ಅಡಿಕೆಯ ಬಗೆ, ಆಮೇಲೆ ಕನಿಷ್ಠ, ಗರಿಷ್ಠ, ಸರಾಸರಿ, ಆವಕ (ಮಾರುಕಟ್ಟೆಗೆ ಬಂದ ಮಾಲು) ಇರುತ್ತದೆ. ಶಿರಸಿ ಅನ್ನುವ ಒಂದು ಮನೆಯನ್ನು ಆರೇಳು ಸಾಲಿಗೆ ಚಾಚಿರುತ್ತಾರೆ. ಕಣ್ಣಿಗೆ ಚೆಂದ. ಆದರೆ ಹೀಗೆ ಚಾಚಿದ ಮನೆಯನ್ನು ಎಲ್ಲ ಸ್ಕ್ರೀನ್ ರೀಡರುಗಳೂ ಒಂದೇ ಥರ ಓದುವುದಿಲ್ಲ. ಐದನೇ ಸಾಲಿನಲ್ಲಿ ಇರುವವರಿಗೆ ತಾನಿನ್ನೂ ಶಿರಸಿಯಲ್ಲೇ ಇದ್ದೇನಾ, ಯಲ್ಲಾಪುರಕ್ಕೆ ಬಂದೆನಾ ಅನ್ನುವ ಗೊಂದಲ.

ಇಲ್ಲೊಂದು ಪ್ರಶ್ನೆ ಕೇಳಿಕೊಳ್ಳಿ. ಬೆಳಿಗ್ಗೆ ಎದ್ದು ನಿಮ್ಮ ಪುಟ ತೆರೆಯುವ ಬೆಳೆಗಾರನಿಗೆ ಏನು ಬೇಕು? ಶಿರಸಿಯಲ್ಲಿ ಏನೇನು ಎಷ್ಟಕ್ಕೆ ಹೋಯಿತು ಅನ್ನುವ ಪೂರ್ತಿ ವರದಿ ಅವನಿಗೆ ಬೇಕಿಲ್ಲ. ಅವನ ಮನೆಯಲ್ಲಿ ರಾಶಿ ಇದೆ, ಅಥವಾ ಚಾಲಿ ಇದೆ. "ನನ್ನ ಚಾಲಿಗೆ ಇವತ್ತು ಎಲ್ಲಿ ಎಷ್ಟು?" ಇದು ಅವನ ಪ್ರಶ್ನೆ. ಹಾಗಾದರೆ ಒಂದೊಂದು ಬಗೆಗೆ ಒಂದೊಂದು ಟೇಬಲ್ ಮಾಡಿ. ಮೇಲೆ "ರಾಶಿ", "ಚಾಲಿ", "ಬೆಟ್ಟೆ", "ಕೆಂಪುಗೋಟು" ಅಂತ ಶೀರ್ಷಿಕೆ. ಪ್ರತಿಯೊಂದರ ಕೆಳಗೆ ಸಣ್ಣ ಟೇಬಲ್. ಎಡಗಡೆ ಊರು, ಪಕ್ಕದಲ್ಲಿ ಕನಿಷ್ಠ, ಗರಿಷ್ಠ, ಸರಾಸರಿ. ಸಾಲು ಐದು, ಕಂಬಸಾಲು ನಾಲ್ಕು. ಚಾಚಿದ ಮನೆ ಒಂದೂ ಇಲ್ಲ.

"ಊರುಗಳು ಎಡಕ್ಕೆ, ಬಗೆಗಳು ಮೇಲೆ, ಒಂದೇ ಟೇಬಲ್‌ನಲ್ಲಿ ಎಲ್ಲ ಬರುತ್ತಲ್ಲ?" ಅಂತ ನಿಮಗೆ ಅನ್ನಿಸಬಹುದು. ಬರುತ್ತದೆ, ಆದರೆ ತುಂಬಾ ಮನೆ ಖಾಲಿ ಬೀಳುತ್ತವೆ. ಶಿವಮೊಗ್ಗದಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಅನ್ನುತ್ತಾರೆ. ಶಿರಸಿ ಕಡೆ ಚಾಲಿ, ಬಿಳಿಗೋಟು, ಕೆಂಪುಗೋಟು, ಕೋಕ, ತಟ್ಟಿಬೆಟ್ಟೆ ಅನ್ನುತ್ತಾರೆ. ಹೆಸರುಗಳೇ ಪೂರ್ತಿ ಹೊಂದುವುದಿಲ್ಲ. ಅರ್ಧಕ್ಕರ್ಧ ಖಾಲಿ ಇರುವ ಟೇಬಲ್ ಕಣ್ಣಿಗೂ ಕಷ್ಟ, ಕಿವಿಗೆ ಇನ್ನೂ ಕಷ್ಟ. ಬಗೆಗೊಂದು ಟೇಬಲ್ ಮಾಡಿದರೆ ಆ ಬಗೆ ಬರುವ ಊರುಗಳನ್ನು ಮಾತ್ರ ಹಾಕಿದರಾಯಿತು.

ಖಾಲಿ ಮನೆಯ ಮಾತು ಬಂತಲ್ಲ, ಅದರ ಬಗ್ಗೆ ಇನ್ನೊಂದು. ಕೆಲವು ದಿನ ಒಂದು ಮಾರುಕಟ್ಟೆಗೆ ಮಾಲು ಬಂದಿರುವುದಿಲ್ಲ. ಆಗ ಮನೆಯನ್ನು ಖಾಲಿ ಬಿಡಬೇಡಿ, ಸಣ್ಣ ಗೆರೆಯನ್ನೂ ಎಳೆಯಬೇಡಿ. ಖಾಲಿ ಬಿಟ್ಟರೆ ನೀವು ತುಂಬಲು ಮರೆತಿರಾ, ನಿಜವಾಗಿಯೂ ಇಲ್ಲವಾ ಅಂತ ಯಾರಿಗೂ ತಿಳಿಯುವುದಿಲ್ಲ. ಗೆರೆಯನ್ನು ಸ್ಕ್ರೀನ್ ರೀಡರ್ ಕೆಲವೊಮ್ಮೆ ಓದುವುದೇ ಇಲ್ಲ. "ಆವಕ ಇಲ್ಲ" ಎಂದು ಬರೆಯಿರಿ. ಎರಡು ಪದ, ಎಲ್ಲರಿಗೂ ಅರ್ಥವಾಗುತ್ತದೆ. ದರ ಏರಿದ್ದಕ್ಕೆ ಹಸಿರು, ಇಳಿದದ್ದಕ್ಕೆ ಕೆಂಪು ಬಣ್ಣ ಹಾಕುವ ಅಭ್ಯಾಸ ಇದ್ದರೆ ಅದೂ ಸಾಲದು. ಕೆಂಪು ಹಸಿರಿನ ವ್ಯತ್ಯಾಸ ಗೊತ್ತಾಗದ ಕಣ್ಣುಗಳು ತುಂಬಾ ಇವೆ. "300 ಏರಿಕೆ" ಎಂದು ಅಕ್ಷರದಲ್ಲೂ ಇರಲಿ. ಬಣ್ಣ ಬೇಕಾದರೆ ಜೊತೆಗಿರಲಿ.

ಮೊಬೈಲಿನ ತೊಂದರೆಗೂ ಇದೇ ಮದ್ದು. ಏಳೆಂಟು ಕಂಬಸಾಲು ಇದ್ದದ್ದು ನಾಲ್ಕಾದರೆ ಎಳೆಯುವ ಅಗತ್ಯವೇ ಬಹುಪಾಲು ಇರುವುದಿಲ್ಲ. ಮೊದಲು ಕಂಬಸಾಲು ಕಡಿಮೆ ಮಾಡಿ, ಆಮೇಲೆ ಸಿಎಸ್‌ಎಸ್‌ಗೆ ಕೈ ಹಾಕಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಫೋನಿನಲ್ಲಿ ಕೇಳುವವರಿಗೂ ಇದು ಒಳ್ಳೆಯದು. ಅಲ್ಲಿ ಸಾಮಾನ್ಯವಾಗಿ ಬೆರಳು ಸವರಿ ಒಂದಾದ ಮೇಲೊಂದು ಮನೆಗೆ ಹೋಗುತ್ತಾರೆ. ಟೇಬಲ್ ಚಿಕ್ಕದಿದ್ದಷ್ಟೂ ಸವರುವುದು ಕಡಿಮೆ.

ಆದರೂ ಕೆಲವು ಟೇಬಲ್ ಅಗಲ ಇರಲೇಬೇಕಾಗುತ್ತದೆ. ಹನ್ನೆರಡು ತಿಂಗಳ ಸರಾಸರಿ ದರ ಹಾಕಬೇಕು ಅಂದುಕೊಳ್ಳಿ. ಆಗ ಇಡೀ ಪುಟ ಪಕ್ಕಕ್ಕೆ ಜಾರಬಾರದು, ಟೇಬಲ್ ಮಾತ್ರ ಜಾರಬೇಕು. ಟೇಬಲ್ ಸುತ್ತ ಒಂದು ಡಿವ್ ಹಾಕಿ, ಅದರ ಓವರ್‌ಫ್ಲೋ-ಎಕ್ಸ್ ಎಂಬ ಸಿಎಸ್‌ಎಸ್ ಗುಣಕ್ಕೆ "ಆಟೋ" ಕೊಡಿ. ಆ ಡಿವ್‌ಗೆ ಟ್ಯಾಬ್‌ಇಂಡೆಕ್ಸ್ ಸೊನ್ನೆ ಕೊಡಿ, ರೋಲ್ "ರೀಜನ್" ಎಂದು ಕೊಡಿ, ಅದರ ಹೆಸರಾಗಿ ಕ್ಯಾಪ್ಷನ್ನನ್ನು ಜೋಡಿಸಿ. ಮೌಸ್ ಹಿಡಿಯಲು ಆಗದೆ ಕೀಬೋರ್ಡನ್ನೇ ನಂಬಿದವರು ಬಾಣದ ಕೀಲಿಯಿಂದ ಅದನ್ನು ಜಾರಿಸಬಹುದು. ಎಡಗಡೆಯ ತಲೆಬರಹಕ್ಕೆ ಪೊಸಿಷನ್ "ಸ್ಟಿಕಿ" ಕೊಟ್ಟರೆ ಎಷ್ಟು ಎಳೆದರೂ ಊರಿನ ಹೆಸರು ಕಣ್ಣೆದುರೇ ನಿಂತಿರುತ್ತದೆ. ಕೊನೆಯಲ್ಲಿ ಕಾಣುವ ಕಂಬಸಾಲು ಅರ್ಧ ಕತ್ತರಿಸಿದಂತೆ ಕಾಣುವ ಹಾಗೆ ಅಗಲ ಹೊಂದಿಸಿ. ಮುಂದೆ ಇನ್ನೂ ಇದೆ ಅಂತ ಯಾರೂ ಹೇಳದೆಯೇ ಗೊತ್ತಾಗುತ್ತದೆ.

ಈಗಿನ ಸುಗಮ್ಯತೆ ಮಾರ್ಗಸೂಚಿ 320 ಪಿಕ್ಸೆಲ್ ಅಗಲದಲ್ಲೂ ಪುಟ ಪಕ್ಕಕ್ಕೆ ಎಳೆಯದೆ ಓದಲು ಬರಬೇಕು ಅನ್ನುತ್ತದೆ. 1280 ಪಿಕ್ಸೆಲ್ ಅಗಲದ ಕಿಟಕಿಯನ್ನು 400 ಶೇಕಡಾ ಹಿಗ್ಗಿಸಿದರೆ ಆಗುವ ಅಗಲ ಅದು. ಅಂಕಿಅಂಶದ ಟೇಬಲ್‌ಗೆ ಇದರಲ್ಲಿ ರಿಯಾಯಿತಿ ಇದೆ, ಯಾಕೆಂದರೆ ಸಾಲು, ಕಂಬಸಾಲು ಒಡೆದರೆ ಅರ್ಥವೇ ಒಡೆಯುತ್ತದೆ. ರಿಯಾಯಿತಿ ಟೇಬಲ್‌ಗೆ ಮಾತ್ರ, ಸುತ್ತಲಿನ ಪುಟಕ್ಕಲ್ಲ.

ಮೊಬೈಲಿನಲ್ಲಿ ಒಂದೊಂದು ಸಾಲನ್ನೂ ಒಂದೊಂದು ಕಾರ್ಡ್ ಮಾಡಿ ಕೆಳಗೆ ಕೆಳಗೆ ಜೋಡಿಸುವ ಉಪಾಯವನ್ನು ನೀವು ನೋಡಿರಬಹುದು. ದರಪಟ್ಟಿಗೆ ನನಗದು ಇಷ್ಟವಿಲ್ಲ. ಊರಿಂದ ಊರಿಗೆ ಹೋಲಿಸುವುದೇ ಇಲ್ಲಿ ಮುಖ್ಯ. ಕಾರ್ಡ್ ಮಾಡಿದರೆ ಶಿರಸಿಯ ಗರಿಷ್ಠ ಒಂದು ಕಡೆ, ಸಾಗರದ ಗರಿಷ್ಠ ಇನ್ನೆಲ್ಲೋ ಕೆಳಗೆ. ಜೊತೆಗೆ ಇನ್ನೊಂದು ಅಪಾಯ ಇದೆ. ಹಾಗೆ ಮಾಡಲು ಟೇಬಲ್, ಸಾಲು, ಮನೆ ಎಲ್ಲಕ್ಕೂ ಡಿಸ್‌ಪ್ಲೇ "ಬ್ಲಾಕ್" ಎಂದು ಕೊಡುತ್ತಾರೆ. ಆಗ ಕೆಲವು ಬ್ರೌಸರುಗಳು ಅದು ಟೇಬಲ್ ಅನ್ನುವುದನ್ನೇ ಮರೆತುಬಿಡುತ್ತಿದ್ದವು. ಕಣ್ಣಿಗಾಗಿ ಮಾಡಿದ ಬದಲಾವಣೆ ಕಿವಿಗೆ ಹೊಡೆತ ಕೊಡುತ್ತಿತ್ತು. ಕ್ರೋಮ್ ಇದನ್ನು ಆಮೇಲೆ ಸರಿಪಡಿಸಿಕೊಂಡಿದೆ. ಆದರೂ ನೀವು ಆ ದಾರಿ ಹಿಡಿದರೆ ಎಲ್ಲ ಬ್ರೌಸರಿನಲ್ಲೂ ಕೇಳಿ ನೋಡದೆ ಬಿಡಬೇಡಿ.

ಕನ್ನಡದ ಟೇಬಲ್‌ಗೆ ಅಂತಲೇ ಕೆಲವು ಮಾತು ಹೇಳಬೇಕು. ಇಂಗ್ಲಿಷಿನ ಪಾಠಗಳಲ್ಲಿ ಇವೆಲ್ಲ ಸಿಗುವುದು ಕಡಿಮೆ.

ಪುಟದ ಎಚ್‌ಟಿಎಂಎಲ್ ಟ್ಯಾಗಿನಲ್ಲಿ ಭಾಷೆ ಕನ್ನಡ ಎಂದು ಹೇಳಿದ್ದೀರಾ ನೋಡಿ. ಲ್ಯಾಂಗ್ ಎಂಬ ಗುಣಕ್ಕೆ ಕೆ, ಎನ್ ಎಂಬ ಎರಡು ಅಕ್ಷರ ಕೊಡಬೇಕು. ಸಿದ್ಧ ಟೆಂಪ್ಲೇಟಿನಿಂದ ಮಾಡಿದ ಪುಟಗಳಲ್ಲಿ ಅಲ್ಲಿ ಇಂಗ್ಲಿಷ್ ಅಂತಲೇ ಉಳಿದಿರುತ್ತದೆ. ಆಗ ಇಂಗ್ಲಿಷ್ ಧ್ವನಿ ಕನ್ನಡ ಓದಲು ಹೋಗಿ ತಡವರಿಸುತ್ತದೆ. ಟೇಬಲ್‌ನ ಟ್ಯಾಗ್ ಎಲ್ಲ ಸರಿ ಇದ್ದೂ "ಕೆಂಪುಗೋಟು" ಅನ್ನುವುದು ಏನೇನೋ ಆಗಿ ಕೇಳಿಸುತ್ತದೆ.

ದರಪಟ್ಟಿಯನ್ನು "ನುಡಿ" ಅಥವಾ "ಬರಹ" ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿ ತಂದು ಅಂಟಿಸುತ್ತಿದ್ದರೆ ಅದನ್ನು ಇವತ್ತೇ ನಿಲ್ಲಿಸಿ. ಆ ಫಾಂಟುಗಳಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಮೇಲಿನ ವೇಷ ಮಾತ್ರ ಕನ್ನಡ. "ಕನ್ನಡ" ಅನ್ನುವ ಪದವೇ ಅಲ್ಲಿ ಪಿ ಅಕ್ಷರ, ಗುರುತು ಹಾಕಿದ ಎ, ಪೌಂಡ್ ಚಿಹ್ನೆ ಹೀಗೆ ಕೂತಿರುತ್ತದೆ. ಸ್ಕ್ರೀನ್ ರೀಡರ್ ಅದನ್ನೇ ಓದುತ್ತದೆ. ಹಳೆಯ ಪಟ್ಟಿಗಳನ್ನು ಯೂನಿಕೋಡಿಗೆ ಬದಲಿಸುವ ಸಾಧನಗಳಿವೆ, ಅವನ್ನು ಬಳಸಿ. ಅಂಕಿಗಳನ್ನು ಬದಲಿಸಿದ ಮೇಲೆ ಒಂದೊಂದಾಗಿ ಕಣ್ಣಾಡಿಸಿ.

ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. "ತಟ್ಟಿಬೆಟ್ಟೆ" ಬರೆದು ನೋಡಿ. ಇಂಗ್ಲಿಷಿಗೆ ಹೊಂದುವ ಇಕ್ಕಟ್ಟಾದ ಸಾಲಿನಲ್ಲಿ ಟ-ಒತ್ತು ಕೆಳಗಿನ ಗೆರೆಗೆ ತಾಗುತ್ತದೆ. ಲೈನ್-ಹೈಟ್ (ಸಾಲಿನ ಎತ್ತರ) 1.6ರಷ್ಟು ಕೊಡಿ, ಮನೆಯ ಒಳಗೆ ಮೇಲೆ ಕೆಳಗೆ ಸ್ವಲ್ಪ ಜಾಗ ಬಿಡಿ. ಕನ್ನಡ ಪದಗಳು ಉದ್ದ ಕೂಡ ಜಾಸ್ತಿ. ಜಾಗ ಸಾಲದೆಂದು ಪದವನ್ನು ಎಲ್ಲೆಂದರಲ್ಲಿ ಮುರಿಯುವ ಸಿಎಸ್‌ಎಸ್ ಹಾಕಬೇಡಿ. "ಕೆಂಪು" ಒಂದು ಸಾಲು, "ಗೋಟು" ಇನ್ನೊಂದು ಸಾಲು ಆದರೆ ಪರವಾಗಿಲ್ಲ, "ಕೆಂಪುಗೋ" ಮತ್ತು "ಟು" ಆದರೆ ಓದಲು ಹಿಂಸೆ. ತಲೆಬರಹ ಚಿಕ್ಕದಾಗಿರಲಿ. "ಕನಿಷ್ಠ ಮಾರಾಟ ದರ" ಯಾಕೆ, "ಕನಿಷ್ಠ" ಸಾಕು. ಆದರೆ "ಕನಿ." ಅಂತ ಚುಕ್ಕಿ ಇಟ್ಟು ಮೊಟಕು ಮಾಡಬೇಡಿ, ಧ್ವನಿ ಅದನ್ನು "ಕನಿ" ಎಂದೇ ಓದುತ್ತದೆ.

ಅಂಕಿಗಳನ್ನು ಬಲಕ್ಕೆ ಒತ್ತಿ ಇಡಿ. ಸಾವಿರದ ಕೆಳಗೆ ಸಾವಿರ, ನೂರರ ಕೆಳಗೆ ನೂರು ಬಂದರೆ ಯಾವುದು ದೊಡ್ಡದು ಅಂತ ಓದದೆಯೇ ಕಾಣುತ್ತದೆ. ಹಳೆಯ ಲೆಕ್ಕದ ಪುಸ್ತಕ ಬರೆದವರಿಗೆ ಇದನ್ನು ಹೇಳಿಕೊಡಬೇಕಾಗಿರಲಿಲ್ಲ.

ದರಪಟ್ಟಿಯನ್ನು ಫೋಟೋ ಮಾಡಿ ಹಾಕುವ ಅಭ್ಯಾಸವೂ ಇದ್ದರೆ ಅದರ ಪಕ್ಕದಲ್ಲಿ ನಿಜವಾದ ಟೇಬಲ್‌ನ ಕೊಂಡಿ ಇರಲೇಬೇಕು. ವಾಟ್ಸಾಪ್ ಗುಂಪಿಗೆ ಫೋಟೋ ಸುಲಭ, ಒಪ್ಪುತ್ತೇನೆ. ಆದರೆ ಫೋಟೋದ ಒಳಗೆ ಮನೆಗಳಿಲ್ಲ, ತಲೆಬರಹಗಳಿಲ್ಲ. ನಿಮ್ಮ ಸದಸ್ಯರಿಗೆ ಅದು ಬರೀ "ಚಿತ್ರ".

ಈಗ ಮುಖಪುಟ. ಜೋಡಣೆಗೆ ಬಳಸಿದ ಟೇಬಲ್‌ನ ನಿಜವಾದ ತೊಂದರೆ ಓದುವ ಕ್ರಮದಲ್ಲಿದೆ. ಸ್ಕ್ರೀನ್ ರೀಡರ್ ಟೇಬಲನ್ನು ಸಾಲು ಸಾಲಾಗಿ, ಎಡದಿಂದ ಬಲಕ್ಕೆ ಓದುತ್ತದೆ. ಎಡಗಡೆ ಕಚೇರಿ ವಿಳಾಸ ಮೂರು ಸಾಲು, ಬಲಗಡೆ ಗೊಬ್ಬರ ವಿತರಣೆಯ ಸೂಚನೆ ಮೂರು ಸಾಲು, ಒಂದೊಂದು ಸಾಲೂ ಒಂದೊಂದು ಮನೆ ಅಂತ ಇಟ್ಟುಕೊಳ್ಳಿ. ಕಿವಿಗೆ ಬೀಳುವುದು ಹೀಗೆ: "ಮುಖ್ಯ ಕಚೇರಿ, ಗೊಬ್ಬರ ವಿತರಣೆ, ಬಸ್ ನಿಲ್ದಾಣದ ಎದುರು, ಸೋಮವಾರ ಬೆಳಿಗ್ಗೆ". ಗೊಬ್ಬರವನ್ನು ಬಸ್ ನಿಲ್ದಾಣದ ಎದುರು ಕೊಡುತ್ತಾರೆ ಅಂತ ಅಂದುಕೊಂಡು ಹೋದವರನ್ನು ತಪ್ಪು ಅನ್ನಲು ಬರುತ್ತದಾ?

ಇವತ್ತು ಜೋಡಣೆಗೆ ಟೇಬಲ್ ಬೇಕಾಗಿಯೇ ಇಲ್ಲ. ಪುಟದ ಭಾಗಗಳನ್ನು ಜೋಡಿಸಲೆಂದೇ ಇರುವ ಸಿಎಸ್‌ಎಸ್ ಗ್ರಿಡ್ 2017ರ ಮಾರ್ಚ್ ಹೊತ್ತಿಗೆ ಫೈರ್‌ಫಾಕ್ಸ್, ಕ್ರೋಮ್, ಸಫಾರಿ ಮೂರರಲ್ಲೂ ಬಂತು. ಅದೇ ಬಗೆಯ ಇನ್ನೊಂದು ಸಾಧನ ಫ್ಲೆಕ್ಸ್‌ಬಾಕ್ಸ್ ಅದಕ್ಕೂ ಮೊದಲೇ ಇತ್ತು. ಮೆನುವನ್ನು ನ್ಯಾವ್ ಟ್ಯಾಗಿನಲ್ಲಿ, ಮುಖ್ಯ ವಿಷಯವನ್ನು ಮೇನ್ ಟ್ಯಾಗಿನಲ್ಲಿ ಇಟ್ಟು, ಓದಬೇಕಾದ ಕ್ರಮದಲ್ಲೇ ಬರೆದು, ಎಡಬಲ ಜೋಡಿಸುವ ಕೆಲಸವನ್ನು ಗ್ರಿಡ್‌ಗೆ ಬಿಡಿ. ಮೊಬೈಲಿನಲ್ಲಿ ಅದೇ ಪುಟ ಒಂದೇ ಕಂಬಸಾಲಾಗಿ ಇಳಿಯುತ್ತದೆ.

ಕೂಡಲೇ ಬದಲಿಸಲು ಸಮಯ ಇಲ್ಲದಿದ್ದರೆ, ಅಲ್ಲಿಯವರೆಗೆ ಆ ಟೇಬಲ್‌ಗೆ ರೋಲ್ "ಪ್ರೆಸೆಂಟೇಷನ್" ಎಂದು ಕೊಡಿ. ಆಗ ಸ್ಕ್ರೀನ್ ರೀಡರ್ ಅದನ್ನು ಟೇಬಲ್ ಎಂದು ಸಾರುವುದಿಲ್ಲ. ಓದುವ ಕ್ರಮ ಮಾತ್ರ ಹಾಗೆಯೇ ಇರುತ್ತದೆ, ಅದಕ್ಕೆ ಇದು ಮದ್ದಲ್ಲ. ಅಂಥ ಟೇಬಲ್‌ನಲ್ಲಿ ಟಿಎಚ್, ಕ್ಯಾಪ್ಷನ್ ಇರಕೂಡದು. ದರದ ಟೇಬಲ್‌ಗೆ ಮರೆತೂ ಈ ರೋಲ್ ಕೊಡಬೇಡಿ, ಇಷ್ಟು ಹೊತ್ತು ಮಾಡಿದ ಕೆಲಸವೆಲ್ಲ ಅಳಿಸಿಹೋಗುತ್ತದೆ. ಸಂಘದಿಂದ ಇಮೇಲ್ ಪತ್ರಿಕೆ ಕಳಿಸುತ್ತಿದ್ದರೆ ಅಲ್ಲಿ ಮಾತ್ರ ಜೋಡಣೆಯ ಟೇಬಲ್ ಇನ್ನೂ ಬೇಕಾಗಬಹುದು. ವಿಂಡೋಸ್‌ನ ಹಳೆಯ (ಕ್ಲಾಸಿಕ್) ಔಟ್‌ಲುಕ್ 2007ರಿಂದ ಇಮೇಲನ್ನು ವರ್ಡ್‌ನ ಎಂಜಿನ್ನಿನಿಂದ ತೋರಿಸುತ್ತಾ ಬಂದಿದೆ, ಅದಕ್ಕೆ ಗ್ರಿಡ್ ಅರ್ಥವಾಗುವುದಿಲ್ಲ. ಅಲ್ಲೂ ಇದೇ ರೋಲ್ ಕೊಟ್ಟು ಬಳಸಿ.

ಆಡಳಿತ ಮಂಡಳಿಯಲ್ಲಿ ಯಾರಾದರೂ "ಒಬ್ಬರಿಗೋಸ್ಕರ ಇಷ್ಟೆಲ್ಲ ಯಾಕೆ?" ಅಂತ ಕೇಳಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಮಾಹಿತಿ ಎಲ್ಲರಿಗೂ ಸಿಗುವ ರೂಪದಲ್ಲಿರುವಂತೆ ಕ್ರಮ ತೆಗೆದುಕೊಳ್ಳಲು ಸರ್ಕಾರಕ್ಕೆ ಹೇಳಿದೆ. ಸರ್ಕಾರಿ ವೆಬ್‌ಸೈಟುಗಳಿಗೆ 2009ರಿಂದ ಮಾರ್ಗಸೂಚಿ ಇದೆ, ಅದರ ಮೂರನೇ ಆವೃತ್ತಿ 2023ರಲ್ಲಿ ಬಂದಿದೆ. ಇದನ್ನು ಅವರಿಗೆ ಹೇಳಿ. ಅದಕ್ಕಿಂತ ಮೊದಲು, ಆ ಸದಸ್ಯರೂ ಉಳಿದವರಷ್ಟೇ ಷೇರು ಹಣ ಕಟ್ಟಿದ್ದಾರೆ, ಅವರ ತೋಟದಲ್ಲೂ ಅಡಿಕೆ ಇದೆ ಅಂತ ಹೇಳಿ. ದರ ಗೊತ್ತಾಗದೆ ಇನ್ನೊಬ್ಬರನ್ನು ಕೇಳಿ ಮಾಲು ಕಳಿಸುವ ಸ್ಥಿತಿ ಅವರಿಗೆ ಬರಬಾರದು.

ಎಲ್ಲವನ್ನೂ ಒಂದೇ ದಿನ ಮಾಡಲು ಹೋಗಬೇಡಿ. ರಾಶಿಯ ಟೇಬಲ್ ಒಂದನ್ನು ಮೊದಲು ಸರಿಮಾಡಿ. ಎನ್‌ವಿಡಿಎ ಹಾಕಿಕೊಂಡು, ಪರದೆ ಆಫ್ ಮಾಡಿ, "ಸಾಗರದಲ್ಲಿ ಗರಿಷ್ಠ ಎಷ್ಟು?" ಅನ್ನುವುದನ್ನು ಕೇಳಿಯೇ ಹುಡುಕಿ. ಮೊದಲ ಸಲ ಕೈ ತಡವರಿಸುತ್ತದೆ, ಎರಡನೇ ಸಲ ಸಲೀಸು. ಆಮೇಲೆ ಆ ಸದಸ್ಯರ ಮನೆಗೆ ಹೋಗಿ ಅವರ ಫೋನಿನಲ್ಲೂ ಕಂಪ್ಯೂಟರಿನಲ್ಲೂ ಅದೇ ಪುಟ ತೆರೆಯಲು ಹೇಳಿ. ನೀವು ಏನೂ ಹೇಳಿಕೊಡದೆ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ. ಅವರು ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಹಿಂದೆ ಹೋಗುತ್ತಾರೆ ಅಂತ ಬರೆದುಕೊಳ್ಳಿ. ಚಾಲಿಯ ಟೇಬಲ್ ಮಾಡುವಾಗ ಆ ಚೀಟಿ ಎದುರಿಗಿರಲಿ.